ಒತ್ತಕ್ಷರದ ಲೆಕ್ಕ: ಮೊಬೈಲ್ ಕೀಲಿಮಣೆಯ ಅಕ್ಷರಕಲ್ಪನೆ ಮತ್ತು ಗದಗ ಸೀಮೆಯ ಕನ್ನಡ

ಸಾರಾಂಶ

ಮೊಬೈಲ್ ಫೋನಿನಲ್ಲಿ ಕನ್ನಡವನ್ನು ಬರೆಯುವಾಗ, ಹುಡುಕುವಾಗ ಎದುರಾಗುವ ತೊಡಕುಗಳನ್ನು ಸಾಮಾನ್ಯವಾಗಿ ಲಿಪಿಯ ಜಟಿಲತೆಗೆ ಆರೋಪಿಸಲಾಗುತ್ತದೆ. ಗದಗ, ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಂಬ ಊರಹೆಸರುಗಳನ್ನೂ ಆ ಸೀಮೆಯ ಕೆಲವು ಆಡುರೂಪಗಳನ್ನೂ ಪರೀಕ್ಷಾಪದಗಳಾಗಿ ಇಟ್ಟುಕೊಂಡು ಪ್ರಸ್ತುತ ವಿಮರ್ಶೆಯು ಈ ಅಭಿಪ್ರಾಯವನ್ನು ಪ್ರಶ್ನಿಸುತ್ತದೆ. ಬರೆಯುವವರು ಎಣಿಸುವ ಅಕ್ಷರಕ್ಕೂ ಯಂತ್ರ ಎಣಿಸುವ ಅಕ್ಷರಕ್ಕೂ ಇರುವ ಅಂತರ, ಮತ್ತು ಪದಸೂಚನೆಯ ಹಿಂದಿರುವ ಶಿಷ್ಟಬರಹದ ಪಕ್ಷಪಾತ, ಇವೆರಡು ತೊಡಕಿನ ನಿಜವಾದ ಮೂಲಗಳೆಂದು ನಾವು ವಾದಿಸುತ್ತೇವೆ. ಮೊಬೈಲ್ ಬರಹವನ್ನು ಆಕರವಾಗಿ ಬಳಸುವ ಸಂಶೋಧಕರು ಕೀಲಿಮಣೆಯನ್ನೂ ಆಕರದ ಭಾಗವಾಗಿ ದಾಖಲಿಸಬೇಕೆಂಬುದು ಇದರಿಂದ ಹೊರಡುವ ನಿರ್ಣಯ.

ಮುಖ್ಯ ಪದಗಳು: ಅಕ್ಷರ, ಒತ್ತಕ್ಷರ, ಕೀಲಿಮಣೆ, ಯುನಿಕೋಡ್, ಉತ್ತರ ಕರ್ನಾಟಕದ ಕನ್ನಡ, ಪದಸೂಚನೆ

1. ಪ್ರಶ್ನೆಯ ಸ್ವರೂಪ

ಕೀಲಿಮಣೆಯನ್ನು ನಾವು ಉಪಕರಣವೆಂದು ಬಗೆಯುವುದು ರೂಢಿ. ಆದರೆ ಯಾವುದೇ ಕೀಲಿಮಣೆಯು ಲಿಪಿಯ ಘಟಕಗಳು ಯಾವುವು, ಅವು ಯಾವ ಕ್ರಮದಲ್ಲಿ ಬರತಕ್ಕವು, ಯಾವುದು ಮೊದಲ ಪದರದಲ್ಲಿ ಕಾಣಬೇಕು, ಯಾವುದು ಒತ್ತಿ ಹಿಡಿದರೆ ಮಾತ್ರ ದೊರೆಯಬಹುದು ಎಂಬ ತೀರ್ಮಾನಗಳನ್ನು ಮಾಡಿಕೊಂಡೇ ಸಿದ್ಧವಾಗಿರುತ್ತದೆ. ಆ ಅರ್ಥದಲ್ಲಿ ಅದು ಕರ್ತೃವಿನ ಹೆಸರಿಲ್ಲದ ಒಂದು ಲಿಪಿವಿವರಣೆ. ಅದರ ಮೇಲ್ಗಡೆ ಪದಗಳನ್ನು ಸೂಚಿಸುವ ಪಟ್ಟಿಯಿದ್ದರೆ ಅದು ಲಿಪಿವಿವರಣೆಯ ಜೊತೆಗೆ ಒಂದು ಪದಕೋಶವೂ ಆಗುತ್ತದೆ. ಬರೆದ ಪದವನ್ನು ತಾನಾಗಿ ತಿದ್ದತೊಡಗಿದರೆ ವಿಧಾಯಕ ವ್ಯಾಕರಣವೂ ಆಗುತ್ತದೆ. ವ್ಯಾಕರಣಗಳನ್ನೂ ಕೋಶಗಳನ್ನೂ ವಿಮರ್ಶಿಸುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ಎಲ್ಲಕ್ಕಿಂತ ಹೆಚ್ಚು ಜನರ ಕೈಯಲ್ಲಿರುವ ಈ ವಿವರಣೆ ಮಾತ್ರ ವಿಮರ್ಶೆಯಿಂದ ತಪ್ಪಿಸಿಕೊಂಡಿದೆ.

ಪರೀಕ್ಷೆಗೆ ನಾವು ಗದಗ ಸೀಮೆಯನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಐತಿಹಾಸಿಕ. ಇಂದಿನ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ನೆಲೆಸಿರುವ ನಾಡನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಒಕ್ಕುಂದಗಳ ಜೊತೆಗೆ ಪುಲಿಗೆರೆಯನ್ನು ಹೆಸರಿಸುತ್ತದೆ. ಪಂಪನೂ ತನ್ನ ಕಾವ್ಯದ ಭಾಷೆಗೆ ಪುಲಿಗೆರೆಯ ಕನ್ನಡವನ್ನೇ ಪ್ರಮಾಣವಾಗಿ ಹೇಳಿಕೊಳ್ಳುತ್ತಾನೆ. ಗದಗ-ಬೆಟಗೇರಿ ಅವಳಿನಗರಕ್ಕೆ ‘ಮುದ್ರಣ ಕಾಶಿ’ ಎಂಬ ಹೆಸರಿದೆ. ಕನ್ನಡ ಲಿಪಿಯನ್ನು ಅಚ್ಚುಮೊಳೆಗಳಾಗಿ ಬಿಡಿಸಿ ಜೋಡಿಸುವ ಕುಶಲತೆ ಇಲ್ಲಿ ತಲೆಮಾರುಗಳಿಂದ ಬೆಳೆದುಬಂದಿದೆ. ಎರಡನೆಯ ಕಾರಣ ಭಾಷಿಕ. ಇಲ್ಲಿಯ ಆಡುನುಡಿ ಇಂದಿನ ಶಿಷ್ಟಬರಹದಿಂದ ಧ್ವನಿಯಲ್ಲಿಯೂ ರೂಪದಲ್ಲಿಯೂ ನಿಯಮಬದ್ಧವಾಗಿ ಭಿನ್ನವಾಗಿದೆ. ಆದ್ದರಿಂದ ಲಿಪಿಯ ಮಟ್ಟದ ತೊಡಕನ್ನೂ ನುಡಿಯ ಮಟ್ಟದ ತೊಡಕನ್ನೂ ಒಂದೇ ಸೀಮೆಯಲ್ಲಿ ಬೇರ್ಪಡಿಸಿ ನೋಡಲು ಅವಕಾಶವಿದೆ. ನಮ್ಮ ವಾದ ಸಮೀಕ್ಷೆಯ ಅಂಕಿಗಳನ್ನು ಅವಲಂಬಿಸಿಲ್ಲ. ಮುಂದೆ ಬರುವ ಎಣಿಕೆಗಳನ್ನು ಓದುಗರು ತಮ್ಮ ಕೈಯಲ್ಲಿರುವ ಫೋನಿನಲ್ಲಿಯೇ ಪರಿಶೀಲಿಸಬಹುದು.

2. ಐದು ಹೆಸರುಗಳು, ಮೂರು ಎಣಿಕೆಗಳು

ಶಾಲೆಯ ಮಗುವಿಗೆ ‘ಲಕ್ಷ್ಮೇಶ್ವರ’ದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಕೇಳಿದರೆ ಲ, ಕ್ಷ್ಮೇ, ಶ್ವ, ರ ಎಂದು ಬೆರಳು ಮಡಿಸಿ ನಾಲ್ಕು ಎನ್ನುತ್ತದೆ. ಈ ಎಣಿಕೆಯನ್ನು ‘ಅಕ್ಷರ’ವೆಂದೇ ಕರೆಯೋಣ. ಯುನಿಕೋಡ್ ಸಂಕೇತವ್ಯವಸ್ಥೆಯಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಪ್ರತಿಯೊಂದಕ್ಕೂ ಬೇರೆ ಬೇರೆ ಸಂಖ್ಯೆಯುಂಟು. ಈ ಘಟಕವನ್ನು ‘ಸಂಕೇತಬಿಂದು’ ಎನ್ನೋಣ. ಇವೆರಡರ ನಡುವೆ ಮೂರನೆಯದೊಂದಿದೆ. ಓದುಗರಿಗೆ ಒಂದೇ ಘಟಕವಾಗಿ ತೋರಬೇಕಾದ ಸಂಕೇತಬಿಂದುಗಳನ್ನು ಯಂತ್ರ ಒಟ್ಟುಗೂಡಿಸುವ ನಿಯಮಗಳಿಂದ ಹುಟ್ಟುವ ಈ ಘಟಕವನ್ನು ‘ಅಕ್ಷರಗುಚ್ಛ’ ಎನ್ನೋಣ. ತೆರೆಯ ಮೇಲೆ ತೆರಪುಗುರುತು ಎಲ್ಲಿ ನಿಲ್ಲಬಹುದು, ಆಯ್ಕೆ ಎಲ್ಲಿಂದ ಎಲ್ಲಿಗೆ ಹರಡಬಹುದು ಎಂಬುದಕ್ಕೆ ತಂತ್ರಾಂಶಗಳು ಸಾಮಾನ್ಯವಾಗಿ ಆಧಾರವಾಗಿ ಹಿಡಿಯುವುದು ಈ ಗುಚ್ಛವನ್ನು. ನಮ್ಮ ಐದು ಹೆಸರುಗಳ ಎಣಿಕೆ ಹೀಗಿದೆ:

ಗದಗ: ಅಕ್ಷರ 3, ಗುಚ್ಛ 3, ಸಂಕೇತಬಿಂದು 3
ಬೆಟಗೇರಿ: ಅಕ್ಷರ 4, ಗುಚ್ಛ 4, ಸಂಕೇತಬಿಂದು 7
ಮುಂಡರಗಿ: ಅಕ್ಷರ 4, ಗುಚ್ಛ 4, ಸಂಕೇತಬಿಂದು 7
ಶಿರಹಟ್ಟಿ: ಅಕ್ಷರ 4, ಗುಚ್ಛ 5, ಸಂಕೇತಬಿಂದು 8
ಲಕ್ಷ್ಮೇಶ್ವರ: ಅಕ್ಷರ 4, ಗುಚ್ಛ 7, ಸಂಕೇತಬಿಂದು 11

ಅಕ್ಷರಕ್ಕೂ ಸಂಕೇತಬಿಂದುವಿಗೂ ಇರುವ ಅಂತರ ನಿರೀಕ್ಷಿತವೇ. ಪೀಟರ್ ಡೇನಿಯಲ್ಸ್ 1990ರಲ್ಲಿ ‘ಅಬುಗಿಡಾ’ ಎಂದು ಹೆಸರಿಸಿದ ಲಿಪಿವರ್ಗದ ಲಕ್ಷಣವೇ ಅದು: ವ್ಯಂಜನವು ತನ್ನೊಳಗೆ ಅಕಾರವನ್ನು ಹೊತ್ತಿರುತ್ತದೆ, ಉಳಿದ ಸ್ವರಗಳು ಅದಕ್ಕೆ ಚಿಹ್ನೆಗಳಾಗಿ ಸೇರುತ್ತವೆ. ಗಮನಿಸಬೇಕಾದುದು ಗುಚ್ಛದ ಕಂಬಸಾಲು. ಒತ್ತಕ್ಷರವಿಲ್ಲದ ಮೊದಲ ಮೂರು ಹೆಸರುಗಳಲ್ಲಿ ಅಕ್ಷರವೂ ಗುಚ್ಛವೂ ಸಮ. ಒತ್ತು ಬಂದೊಡನೆ ಎರಡೂ ಬೇರೆಯಾಗುತ್ತವೆ. ‘ಟ್ಟಿ’ ಎಂಬುದು ಮಗುವಿಗೆ ಒಂದು, ಯಂತ್ರಕ್ಕೆ ‘ಟ್’ ಮತ್ತು ‘ಟಿ’ ಎಂಬ ಎರಡು. ‘ಕ್ಷ್ಮೇ’ ಎಂಬುದು ಮಗುವಿಗೆ ಒಂದು, ಯಂತ್ರಕ್ಕೆ ಮೂರು.

ಇದು ಒತ್ತಕ್ಷರವಿರುವ ಲಿಪಿಗಳಿಗೆಲ್ಲ ಅನಿವಾರ್ಯವಾದ ಸ್ಥಿತಿಯೆಂದು ಭಾವಿಸಬಾರದು. 2023ರಲ್ಲಿ ಪ್ರಕಟವಾದ ಯುನಿಕೋಡ್ 15.1ನೆಯ ಆವೃತ್ತಿಯು ಹಲಂತದಿಂದ ಕೂಡಿದ ವ್ಯಂಜನಗಳನ್ನು ಒಂದೇ ಗುಚ್ಛವಾಗಿ ಹಿಡಿಯುವ ಹೊಸ ನಿಯಮವನ್ನು ತಂದಿತು. ಆ ನಿಯಮ ಅನ್ವಯವಾದ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ. ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಅಂದರೆ ಅದೇ ಊರ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆದರೆ ಆ ಆವೃತ್ತಿಯ ಪ್ರಕಾರ ನಾಲ್ಕು ಗುಚ್ಛ, ಕನ್ನಡದಲ್ಲಿ ಬರೆದರೆ ಏಳು. ಈ ಎರಡು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಒತ್ತನ್ನು ಮೂಲಾಕ್ಷರದ ಕೆಳಗೆ ಬರೆಯುವ ಪದ್ಧತಿ ಎರಡರಲ್ಲಿಯೂ ಒಂದೇ. ಹೊರಗಿಟ್ಟುದಕ್ಕೆ ಆಡಳಿತಾತ್ಮಕ ಕಾರಣ ಏನೇ ಇರಲಿ, ಲಿಪಿರಚನೆಯಲ್ಲಿ ಅದಕ್ಕೆ ಸಮರ್ಥನೆ ದೊರೆಯುವುದಿಲ್ಲ. ತಂತ್ರಾಂಶ ರಚಿಸುವವರು ತಮ್ಮ ಮಟ್ಟದಲ್ಲಿ ನಿಯಮವನ್ನು ಮಾರ್ಪಡಿಸಿಕೊಳ್ಳಲು ಮಾನಕವೇ ಅವಕಾಶ ಕೊಡುತ್ತದೆ ಎಂಬುದು ನಿಜ. ಆದರೆ ಮಾನಕವನ್ನು ಯಥಾವತ್ತಾಗಿ ಅನುಸರಿಸುವ ತಂತ್ರಾಂಶದಲ್ಲಿ ಕನ್ನಡಿಗರ ಬೆರಳು ‘ಕ್ಷ್ಮೇ’ಯ ಒಳಗೆ, ಕಣ್ಣಿಗೆ ಕಾಣದ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ‘ಕನ್ನಡ ಕಷ್ಟ’ ಎಂಬ ದೂರು ಬಹುಮಟ್ಟಿಗೆ ಹುಟ್ಟುವುದು ಇಂಥ ಸಂದುಗಳಲ್ಲಿ.

3. ಕೈಯ ಕ್ರಮ ಮತ್ತು ಕೀಲಿಯ ಕ್ರಮ

ಘಟಕದಷ್ಟೇ ಮುಖ್ಯವಾದುದು ಅನುಕ್ರಮ. ‘ಶಿರಹಟ್ಟಿ’ಯನ್ನು ಕೈಯಿಂದ ಬರೆಯುವವರು ಮೊದಲು ‘ಟಿ’ ಬರೆದು ಆಮೇಲೆ ಅದರ ಕೆಳಗೆ ಟ ಒತ್ತನ್ನು ಕೊಡುತ್ತಾರೆ. ಅಂದರೆ ಸ್ವರ ಮೊದಲು, ಒತ್ತು ಅನಂತರ. ಉಚ್ಚಾರಣೆಯ ಕ್ರಮ ಇದಕ್ಕೆ ವಿರುದ್ಧ. ಅಲ್ಲಿ ಎರಡು ವ್ಯಂಜನಗಳೂ ಮುಗಿದ ಮೇಲೆ ಇಕಾರ. 1986ರಲ್ಲಿ ಭಾರತೀಯ ಭಾಷೆಗಳಿಗಾಗಿ ರೂಪುಗೊಂಡ ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ಕರ್ನಾಟಕ ಸರ್ಕಾರ ಮಾನ್ಯಮಾಡಿದ ಕೆ.ಪಿ. ರಾವ್ ಅವರ ವಿನ್ಯಾಸವೂ ಉಚ್ಚಾರಣೆಯ ಕ್ರಮವನ್ನೇ ಹಿಡಿದವು. ಭಾಷಾವಿಜ್ಞಾನದ ದೃಷ್ಟಿಯಿಂದ ಇದು ಸರಿಯಾದ ಆಯ್ಕೆ: ಅಕಾರಾದಿ ವಿಂಗಡಣೆ, ಹುಡುಕಾಟ, ಲಿಪ್ಯಂತರ ಎಲ್ಲವೂ ಇದರಿಂದ ಸುಗಮವಾದವು. ಆದರೆ ಆಯ್ಕೆಗೆ ಒಂದು ಬೆಲೆಯಿದೆ, ಅದನ್ನು ತೆರುವವರು ಹೊಸದಾಗಿ ಬರೆಯುವವರು. ಕಾಗುಣಿತದ ಅಭ್ಯಾಸವಿರುವ ಕೈ ‘ಟಿ’ ಒತ್ತಿ ಅನಂತರ ಹಲಂತವನ್ನು ಹುಡುಕುತ್ತದೆ. ಅಪೇಕ್ಷಿತ ರೂಪ ಬರುವುದಿಲ್ಲ. ಗದಗಿನ ತೋಂಟದಾರ್ಯ ಮಠದ ಹೆಸರಿನಲ್ಲಿ ಈ ವಿಪರ್ಯಾಸ ಇನ್ನೂ ಸ್ಪಷ್ಟ. ಕೈಬರಹದಲ್ಲಿ ‘ಯ’ ಬರೆದು ಅದರ ಬಲಕ್ಕೆ ಅರ್ಕಾವತ್ತನ್ನು ಇಡಬೇಕು. ಕೀಲಿಯಲ್ಲಿ ‘ರ’ ಮೊದಲು ಬರಬೇಕು.

ಕೆಲವು ಕೀಲಿಮಣೆಗಳು ಒಂದು ವ್ಯಂಜನವನ್ನು ಒತ್ತಿದೊಡನೆ ಸ್ವರಗಳ ಸಾಲಿನಲ್ಲಿ ಆ ವ್ಯಂಜನದ ಕಾಗುಣಿತವನ್ನೇ ತೋರಿಸುತ್ತವೆ. ಶಾಲೆಯ ಕಲಿಕೆಗೂ ಯಂತ್ರಕ್ಕೂ ಸೇತುವೆ ಹಾಕುವ ಈ ಉಪಾಯವನ್ನು ಮೆಚ್ಚಬೇಕು. ಒತ್ತಿಗೆ ಅಂತಹ ಸೇತುವೆ ಇನ್ನೂ ಬೇಕಾಗಿದೆ. ಅಚ್ಚುಮೊಳೆಯ ಕಾಲದಲ್ಲಿ ಒತ್ತಕ್ಷರಗಳಿಗೆ ತಮ್ಮದೇ ಮೊಳೆಗಳಿದ್ದವು, ಜೋಡಿಸುವವರ ಪೆಟ್ಟಿಗೆಯಲ್ಲಿ ತಮ್ಮದೇ ಮನೆಗಳಿದ್ದವು. ಮೊಬೈಲಿನಲ್ಲಿ ಒತ್ತು ಎಂಬ ಘಟಕವೇ ಕಣ್ಮರೆಯಾಗಿ, ಅದರ ಜಾಗದಲ್ಲಿ ಹಲಂತವೆಂಬ ಒಂದು ಕ್ರಿಯೆ ಮಾತ್ರ ಉಳಿದಿದೆ.

ಅಳಿಸುವ ವಿಷಯದಲ್ಲಿ ಚಿತ್ರ ಇನ್ನಷ್ಟು ಸೂಕ್ಷ್ಮವಾಗಿದೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ರಚಿಸಿದನೆಂದು ಪ್ರತೀತಿಯಿರುವ ಕುಮಾರವ್ಯಾಸ, ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದನ್ನು ತನ್ನ ಅಗ್ಗಳಿಕೆಗಳಲ್ಲಿ ಒಂದಾಗಿ ಹೇಳಿಕೊಂಡಿದ್ದಾನೆ. ನಮಗಾದರೋ ಅಳಿಸುವ ಕೀಲಿಯೇ ಆಸರೆ. ಸಾಮಾನ್ಯವಾಗಿ ಆ ಕೀಲಿ ಒಂದು ಸಲಕ್ಕೆ ಒಂದು ಸಂಕೇತಬಿಂದುವನ್ನು ತೆಗೆಯುತ್ತದೆ: ‘ಕ್ಷ್ಮೇ’ಯಲ್ಲಿ ಮೊದಲು ಏಕಾರ ಹೋಗಿ ‘ಕ್ಷ್ಮ’ ಉಳಿಯುತ್ತದೆ. ಇದು ಉಪಕಾರಿಯೇ, ಸ್ವರ ತಪ್ಪಿದ್ದರೆ ಇಡೀ ಅಕ್ಷರವನ್ನು ಕಳೆದುಕೊಳ್ಳಬೇಕಿಲ್ಲ. ತೊಂದರೆಯಿರುವುದು ಮೂರು ಕೆಲಸಗಳಿಗೆ ಮೂರು ಬೇರೆ ಘಟಕಗಳಿರುವುದರಲ್ಲಿ: ಒತ್ತುವಾಗ ಕೀಲಿ, ಅಳಿಸುವಾಗ ಸಂಕೇತಬಿಂದು, ನಡುವೆ ಬೆರಳಿಟ್ಟು ತಿದ್ದುವಾಗ ಗುಚ್ಛ. ಬರೆಯುವವರ ಮನಸ್ಸಿನಲ್ಲಿರುವ ಅಕ್ಷರ ಈ ಮೂರರಲ್ಲಿ ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ. ಸುಸಂಗತವಾಗಿದ್ದರೆ ಯಾವ ಘಟಕವಾದರೂ ರೂಢಿಯಾಗುತ್ತಿತ್ತು. ಅಸಂಗತತೆ ರೂಢಿಯಾಗುವುದು ಕಷ್ಟ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕೆ.ಪಿ. ರಾವ್ ವಿನ್ಯಾಸದಲ್ಲಿ ಮಹಾಪ್ರಾಣಗಳು ಶಿಫ್ಟ್ ಪದರದಲ್ಲಿವೆ; ಮೊಬೈಲಿನಲ್ಲಿ ಇದರ ಅರ್ಥ ಇನ್ನೊಂದು ತಟ್ಟು. ಮಹಾಪ್ರಾಣಗಳೂ ಷಕಾರವೂ ಕನ್ನಡದ ಬರಹಕ್ಕೆ ಬೇಡವೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಅವರ ಆಧಾರ ಕನ್ನಡದ ಉಚ್ಚಾರಣೆ. ಆ ವಾದವನ್ನು ಒಪ್ಪುವುದು ಬಿಡುವುದು ಬೇರೆ ಚರ್ಚೆ. ಆದರೆ ಕೀಲಿಯ ಅನುಕೂಲವನ್ನು ಆ ವಾದಕ್ಕೆ ಸಾಕ್ಷಿಯಾಗಿ ತರುವುದು ಸಲ್ಲದು. ಯಾವುದು ಮೊದಲ ಪದರದಲ್ಲಿದೆ ಎಂಬುದು ವಿನ್ಯಾಸಕಾರರ ತೀರ್ಮಾನ. ಅದರಿಂದ ಭಾಷೆಯ ಬಗ್ಗೆ ಏನೂ ಸಿದ್ಧವಾಗುವುದಿಲ್ಲ.

4. ರೋಮನ್ ಲಿಪಿಯ ಹಾದಿ

ಇಷ್ಟು ತೊಡಕಿದ್ದರೆ ರೋಮನ್ ಅಕ್ಷರಗಳಲ್ಲಿ ಒತ್ತಿ ಕನ್ನಡ ಪಡೆಯಬಹುದಲ್ಲ ಎಂಬ ಆಕ್ಷೇಪ ಬರಬಹುದು. ಅನೇಕರು ಹಿಡಿದಿರುವುದು ಆ ದಾರಿಯನ್ನೇ. ಅದರ ಬೆಲೆಯನ್ನೂ ಊರಹೆಸರುಗಳೇ ಹೇಳುತ್ತವೆ. ರೋಮನ್ ಲಿಪಿಯ ‘ಡಿ’ ಅಕ್ಷರ ‘ಗದಗ’ದಲ್ಲಿ ದಕಾರಕ್ಕೂ ‘ಮುಂಡರಗಿ’ಯಲ್ಲಿ ಡಕಾರಕ್ಕೂ ನಿಲ್ಲುತ್ತದೆ. ಗದಗದ ಕೊನೆಯ ಅಕಾರ ರೋಮನ್ ಬರಹದಲ್ಲಿಲ್ಲ. ಸರ್ಕಾರಿ ಕಾಗದಗಳ ರೋಮನ್ ರೂಪದಲ್ಲಿ ಮುಂಡರಗಿಯ ನಡುವಿನ ಅಕಾರ ಬಿದ್ದುಹೋಗಿದೆ. ಶಿರಹಟ್ಟಿಯ ಹೆಸರಿನಲ್ಲಿ ಅದು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಲಕ್ಷ್ಮೇಶ್ವರದ ಕ್ಷಕಾರಕ್ಕೆ ಒಂದೆಡೆ ಮೂರು ಅಕ್ಷರಗಳು, ಇನ್ನೊಂದೆಡೆ ‘ಎಕ್ಸ್’ ಒಂದೇ. ಈ ಅಸ್ಥಿರತೆಗೆ ಇತಿಹಾಸವುಂಟು. ಗದಗ-ಬೆಟಗೇರಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿಯೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿಯೂ ಇದ್ದವು. ಪದಾಂತ್ಯದ ಮತ್ತು ಪದಮಧ್ಯದ ಅಕಾರವನ್ನು ಬಿಡುವ ಮರಾಠಿಯ ಉಚ್ಚಾರಣೆ ಆ ಕಚೇರಿಗಳ ಪರಿಸರದಲ್ಲಿತ್ತು. ಇಲ್ಲಿಯ ಆಡುಮಾತಿನಲ್ಲಿಯೂ ಪದಮಧ್ಯದ ಅಕಾರ ಸಡಿಲವಾಗುವುದರಿಂದ ಆ ರೂಪಗಳಿಗೆ ಇಂಬು ದೊರೆಯಿತು.

ಅಕ್ಷರಕ್ಕೆ ಅಕ್ಷರ ಹೊಂದಿಸುವ ಕಟ್ಟುನಿಟ್ಟಾದ ಲಿಪ್ಯಂತರ ಕ್ರಮದಲ್ಲಿ ಇಂತಹ ರೂಪವನ್ನು ಒತ್ತಿದರೆ ‘ಮುಂದರ್ಗಿ’ ಬರುತ್ತದೆ. ಊಹೆಯಿಂದ ನಡೆಯುವ ಕ್ರಮದಲ್ಲಿ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಬರೆಯುವವರು ಅದರಲ್ಲಿ ಒಂದನ್ನು ಆರಿಸಬೇಕು. ಇಲ್ಲಿ ಬರವಣಿಗೆಯ ಸ್ವರೂಪವೇ ಬದಲಾಗುತ್ತದೆ. ದ-ಡ, ನ-ಣ, ಲ-ಳ ವ್ಯತ್ಯಾಸಗಳನ್ನು ಬರೆಯುವವರು ತಾವೇ ಉಂಟುಮಾಡುವುದಿಲ್ಲ, ತೋರಿಸಿದುದರಲ್ಲಿ ಗುರುತಿಸುತ್ತಾರೆ. ಗುರುತಿಸುವ ಸಾಮರ್ಥ್ಯಕ್ಕೂ ಉತ್ಪಾದಿಸುವ ಸಾಮರ್ಥ್ಯಕ್ಕೂ ಇರುವ ಭೇದ ಭಾಷಾಕಲಿಕೆಯ ಅಧ್ಯಯನದಲ್ಲಿ ಹಳೆಯದು. ಮೂರ್ಧನ್ಯಗಳ ಕಾಗುಣಿತದೋಷಗಳನ್ನು ಮೊಬೈಲ್ ಬರಹದಿಂದ ಎಣಿಸಿ ಉಚ್ಚಾರಣೆಯ ಬಗ್ಗೆ ತೀರ್ಮಾನಕ್ಕೆ ಬರುವವರು, ಆ ದೋಷ ಬಾಯಿಯದೋ ಪಟ್ಟಿಯದೋ ಎಂದು ಮೊದಲು ಕೇಳಿಕೊಳ್ಳಬೇಕು.

5. ಹುಡುಕಿದರೆ ಸಿಗದ ಊರು

ಬರೆಯುವ ತೊಡಕು ಓದುವ ಮತ್ತು ಹುಡುಕುವ ತೊಡಕಾಗಿ ಮುಂದುವರಿಯುತ್ತದೆ. 1858ರ ಮುಂಡರಗಿ ಭೀಮರಾಯನ ಬಂಡಾಯದ ಬಗ್ಗೆ ಮಾಹಿತಿ ಹುಡುಕುವ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡಲು ಹೆಚ್ಚುಕಡಿಮೆ ಒಂದೇ. ಯಂತ್ರಕ್ಕೆ ಅವು ಎರಡು ಬೇರೆ ಸಂಕೇತಬಿಂದುಗಳು. ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು ಒತ್ತಿದ ‘ಮು೦ಡರಗಿ’ ಜಾಲದ ಬರಹಗಳಲ್ಲಿ ಅಪರೂಪವಲ್ಲ. ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಪುಟದೊಳಗಿನ ಹುಡುಕಾಟಕ್ಕೆ ಮೊದಲನೆಯ ರೂಪ ಕೊಟ್ಟರೆ ಎರಡನೆಯದು ದೊರೆಯದು. ಕಣ್ಣೆದುರಿಗೆ ಇರುವ ಪದ ಇಲ್ಲವೆಂದು ಯಂತ್ರ ಹೇಳುತ್ತದೆ.

ಕಾಣದ ಗುರುತುಗಳ ಸಮಸ್ಯೆಯೂ ಇಂಥದೇ. ‘ಫೇಸ್‌ಬುಕ್’ ಎಂದು ಹಲಂತವನ್ನು ಬಿಡಿಯಾಗಿ ತೋರಿಸಲು ನಡುವೆ ಅಗೋಚರವಾದ ಒಂದು ವಿಭಜಕ ಬೇಕು, ಅದಿಲ್ಲದಿದ್ದರೆ ‘ಫೇಸ್ಬುಕ್’. ‘ರ‍್ಯಾಲಿ’ ಎಂದು ರಕಾರಕ್ಕೆ ಯ ಒತ್ತನ್ನು ಕೊಡಲು ಅಗೋಚರವಾದ ಒಂದು ಸಂಯೋಜಕ ಬೇಕು. ಅದಿಲ್ಲದಿದ್ದರೆ ಅರ್ಕಾವತ್ತಿನ ‘ರ್ಯಾಲಿ’. ಪತ್ರಿಕೆಗಳು ಶ್ರಮವಹಿಸಿ ಕಾಪಾಡುವ ಈ ಭೇದಗಳಿಗೆ ಮೊಬೈಲ್ ಕೀಲಿಮಣೆಗಳಲ್ಲಿ ಎಷ್ಟೋ ವೇಳೆ ಕಾಣುವಂತಹ ಕೀಲಿಯೇ ಇರುವುದಿಲ್ಲ. ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳದು ಇನ್ನೊಂದು ಪಾಡು: ಯುನಿಕೋಡ್‌ಗೆ ಮುಂಚಿನ ಪದ್ಧತಿಯಲ್ಲಿ ಕೂಡಿಸಿದ ಪಠ್ಯ ತೆರೆಯ ಮೇಲೆ ಕನ್ನಡವಾಗಿ ಕಂಡರೂ, ನಕಲು ತೆಗೆದು ಬೇರೆಡೆ ಇ‌ಟ್ಟೊಡನೆ ರೋಮನ್ ಚಿಹ್ನೆಗಳ ಗೋಜಲಾಗುತ್ತದೆ.

ಮಾನಕದಲ್ಲಿ ಹೊಕ್ಕ ತಪ್ಪು ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದಕ್ಕೆ ಲಕ್ಷ್ಮೇಶ್ವರದ ಶಾಸನಗಳನ್ನು ಓದುವವರಿಗೆ ಪರಿಚಿತವಾದ ೞಕಾರವೇ ಸಾಕ್ಷಿ. ಯುನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನೀತಿಯಿಂದಾಗಿ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ, ಮೂಲದ ತಪ್ಪು ಹಾಗೆಯೇ ಇದೆ. ಲಿಪಿಯನ್ನು ಬಲ್ಲವರು ಕರಡಿನ ಹಂತದಲ್ಲಿಯೇ ಮಾತನಾಡದಿದ್ದರೆ ಆಮೇಲೆ ಮಾತನಾಡಿ ಹೆಚ್ಚು ಪ್ರಯೋಜನವಿಲ್ಲ.

6. ‘ಬ್ಯಾಂಕ್’ ಶುದ್ಧ, ‘ಬ್ಯಾಡ’ ಅಶುದ್ಧ?

ಈವರೆಗಿನ ತೊಡಕುಗಳು ಕನ್ನಡ ಬರೆಯುವ ಎಲ್ಲರವು. ಇನ್ನು ಹೇಳುವುದು ವಿಶೇಷವಾಗಿ ಈ ಸೀಮೆಯವರದು. ಶಿಷ್ಟಬರಹದ ಬೇಡ, ಮೇಲೆ, ಪೇಟೆ ಎಂಬ ಪದಗಳು ಇಲ್ಲಿ ಬ್ಯಾಡ, ಮ್ಯಾಲ, ಪ್ಯಾಟಿ. ಇದು ನಾಲಿಗೆಯ ಸೋಮಾರಿತನವಲ್ಲ. ಮುಂದಿನ ಅಕ್ಷರದಲ್ಲಿ ಉಚ್ಚ ಸ್ವರವಿಲ್ಲದಿದ್ದಾಗ ಏಕಾರ ಕೆಳಗಿಳಿಯುತ್ತದೆ. ಇದ್ದಾಗ ಇಳಿಯುವುದಿಲ್ಲ, ಆದ್ದರಿಂದಲೇ ‘ಬೇಕು’ ‘ಬ್ಯಾಕು’ ಆಗಿಲ್ಲ. ಮುಂದಿನ ಸ್ವರ ಹಿಂದಿನ ಸ್ವರವನ್ನು ಬದಲಿಸುವ ಈ ಬಗೆಯ ಪ್ರಕ್ರಿಯೆಯನ್ನು ವಿಲಿಯಂ ಬ್ರೈಟ್ 1966ರಲ್ಲಿ ದ್ರಾವಿಡ ಭಾಷೆಗಳ ಸಂದರ್ಭದಲ್ಲಿ ಚರ್ಚಿಸಿದ್ದಾರೆ. ‘ಪ್ಯಾಟಿ’ಯಲ್ಲಿ ಮುಂದೆ ಇಕಾರವಿದ್ದೂ ಏಕಾರ ಇಳಿದಿರುವುದು ಅಪವಾದವಾಗಿ ತೋರಬಹುದು. ಆದರೆ ಈ ನುಡಿಯಲ್ಲಿ ಪದಾಂತ್ಯದ ಎಕಾರ ಇಕಾರವಾಗುವುದು ಇನ್ನೊಂದು ನಿಯಮ: ಮನೆ-ಮನಿ, ಮಳೆ-ಮಳಿ, ಬೆಳೆ-ಬೆಳಿ. ಮೊದಲ ನಿಯಮ ನಡೆದ ಮೇಲೆ ಎರಡನೆಯದು ನಡೆದಿದೆಯೆಂದರೆ ‘ಪೇಟೆ’ ‘ಪ್ಯಾಟೆ’ಯಾಗಿ ‘ಪ್ಯಾಟಿ’ಯಾಗುವುದು ಸಹಜ. ಸ್ನಾತಕೋತ್ತರ ತರಗತಿಯಲ್ಲಿ ನಿಯಮಕ್ರಮದ ಉದಾಹರಣೆಯಾಗಿ ಕಲಿಸಬಹುದಾದಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಇದು.

ಈ ರೂಪಗಳನ್ನು ಒತ್ತುವ ವೆಚ್ಚವನ್ನು ಮೊದಲು ನೋಡೋಣ. ‘ಬೇಡ’ಕ್ಕೆ 3 ಸಂಕೇತಬಿಂದುಗಳು, ‘ಬ್ಯಾಡ’ಕ್ಕೆ 5. ‘ಮೇಲೆ’ಗೆ 4, ‘ಮ್ಯಾಲ’ಕ್ಕೆ 5. ‘ಪೇಟೆ’ಗೆ 4, ‘ಪ್ಯಾಟಿ’ಗೆ 6. ಈ ಕೆಳಗಿಳಿದ ಸ್ವರಕ್ಕೆ ಕನ್ನಡ ಲಿಪಿಯಲ್ಲಿ ತನ್ನದೇ ಚಿಹ್ನೆಯಿಲ್ಲದಿರುವುದರಿಂದ ಅದನ್ನು ಯ ಒತ್ತು ಮತ್ತು ಆಕಾರಗಳಿಂದ ಸೂಚಿಸಬೇಕಾಗಿದೆ. ಆದ್ದರಿಂದ ಹೆಚ್ಚುವರಿ ಒತ್ತುವಿಕೆ. ಎಲ್ಲೆಡೆಯೂ ಹೀಗೆಯೇ ಎನ್ನುವಂತಿಲ್ಲ: ‘ಮನೆ’ಗೂ ‘ಮನಿ’ಗೂ 3, ‘ಇದೆ’ಗೂ ‘ಐತಿ’ಗೂ 3. ವೆಚ್ಚದ ಅಂತರ ಇದೆ, ಅದು ಸಣ್ಣದು.

ದೊಡ್ಡ ಅಂತರವಿರುವುದು ಪದಸೂಚನೆಯಲ್ಲಿ. ಸೂಚಿಸುವ ವ್ಯವಸ್ಥೆಗಳು ಬರೆದ ಪಠ್ಯಗಳಲ್ಲಿ ಯಾವ ಪದ ಎಷ್ಟು ಸಲ, ಯಾವುದರ ನೆರೆಯಲ್ಲಿ ಬಂದಿದೆ ಎಂಬ ಲೆಕ್ಕದ ಮೇಲೆ ನಡೆಯುತ್ತವೆ. ಬರೆದ ಕನ್ನಡದಲ್ಲಿ ಪತ್ರಿಕೆ, ಪಠ್ಯಪುಸ್ತಕ, ಆಡಳಿತಗಳ ಶಿಷ್ಟರೂಪವೇ ಬಹುಪಾಲು. ಅಂತಹ ಲೆಕ್ಕದಲ್ಲಿ ‘ಬ್ಯಾಂಕ್’, ‘ಬ್ಯಾಗ್’ ಮೇಲೆ ನಿಲ್ಲುತ್ತವೆ. ‘ಬ್ಯಾಡ’ ಕೆಳಗುಳಿಯುತ್ತದೆ, ಇಲ್ಲವೆ ಪಟ್ಟಿಯಲ್ಲಿಯೇ ಇರುವುದಿಲ್ಲ. ಸ್ವರ ಒಂದೇ, ಅದನ್ನು ಬರೆಯುವ ಉಪಾಯವೂ ಒಂದೇ. ಇಂಗ್ಲಿಷಿನಿಂದ ಬಂದ ಪದದಲ್ಲಿದ್ದಾಗ ಅದಕ್ಕೆ ಮಾನ್ಯತೆ, ಗದಗಿನ ಬಾಯಲ್ಲಿದ್ದಾಗ ಅದು ತಿದ್ದತಕ್ಕ ದೋಷ. ‘ಮಾಡಾಕತ್ತೀನಿ’ಯಂತಹ ಕ್ರಿಯಾರೂಪಗಳ ಸ್ಥಿತಿ ಇನ್ನೂ ಕಠಿಣ, ಒಂದು ಧಾತುವಿಗೆ ಹತ್ತಾರು ರೂಪಗಳಾಗುವ ಭಾಷೆಯಲ್ಲಿ ಪ್ರತ್ಯಯವನ್ನು ಅರಿಯದ ಪದಪಟ್ಟಿ ಪ್ರತಿಯೊಂದು ರೂಪವನ್ನೂ ಬೇರೆ ಪದವೆಂದೇ ಬಗೆಯುತ್ತದೆ.

ಮಾತಿನಿಂದ ನೇರವಾಗಿ ಬರೆಸುವ ಸೌಲಭ್ಯ ಈ ತೊಡಕನ್ನು ನೀಗಿಸೀತೆ? 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಧ್ವನಿಬರಹಕ್ಕೆ ಕನ್ನಡವನ್ನು ಸೇರಿಸಿಕೊಂಡಿತು. ಬೆರಳಿಗೆ ಇದರಿಂದ ಬಿಡುವು ದೊರೆತುದು ದೊಡ್ಡ ಉಪಕಾರ. ಆದರೆ ಧ್ವನಿಯನ್ನು ಬರಹವಾಗಿಸುವ ಯಾವ ವ್ಯವಸ್ಥೆಯೂ ಕೊನೆಗೆ ಅಕ್ಷರರೂಪವೊಂದನ್ನು ಆರಿಸಬೇಕು. ಆ ಆಯ್ಕೆಯ ಆಧಾರ ಮತ್ತೆ ಬರೆದ ಕನ್ನಡವೇ ಆದರೆ, ಆಡಿದ್ದು ಒಂದು, ಅಚ್ಚಾದದ್ದು ಇನ್ನೊಂದು ಆಗುವ ಅಪಾಯ ಉಳಿದೇ ಇರುತ್ತದೆ.

7. ಸಂಶೋಧಕರಿಗೆ ಇದರ ಅರ್ಥ

ಆಡುನುಡಿಯ ಬರಹವು ಕಾದಂಬರಿ, ನಾಟಕಗಳ ಸಂಭಾಷಣೆಗೆ ಮೀಸಲಾಗಿದ್ದ ಕಾಲ ಹೋಗಿ, ಸಾಮಾನ್ಯರು ತಮ್ಮ ಮಾತನ್ನು ದಿನವೂ ಬರೆಯುವ ಕಾಲ ಬಂದಿದೆ. ಉಪಭಾಷೆಗಳ ಅಧ್ಯಯನಕ್ಕೆ ಇದು ಹಿಂದೆಂದೂ ಇರದಿದ್ದ ಆಕರ. ಆದರೆ ಆ ಆಕರ ನಮಗೆ ಸೋಸಿ ಬರುತ್ತಿದೆ. ಬೆಟಗೇರಿಯ ನೇಕಾರರೊಬ್ಬರ ಸಂದೇಶದಲ್ಲಿ ‘ಬೇಡ’ ಎಂದಿದ್ದರೆ ಮೂರು ಸಾಧ್ಯತೆಗಳಿವೆ: ಅವರು ಶಿಷ್ಟರೂಪವನ್ನು ಬೇಕೆಂದೇ ಬಳಸಿರಬಹುದು, ಪಟ್ಟಿಯಲ್ಲಿ ಮೊದಲು ಕಂಡುದನ್ನು ತಟ್ಟಿರಬಹುದು, ಇಲ್ಲವೆ ಯಂತ್ರ ತಾನೇ ತಿದ್ದಿರಬಹುದು. ಈ ಮೂರನ್ನು ಪ್ರತ್ಯೇಕಿಸದ ಅಧ್ಯಯನವು ‘ಉಪಭಾಷೆ ಅಳಿಯುತ್ತಿದೆ’ ಎಂಬ ತೀರ್ಮಾನಕ್ಕೆ ಸುಲಭವಾಗಿ ಬಂದುಬಿಡುತ್ತದೆ. ನಿಜವಾಗಿ ಅಳಿದಿರುವುದು ಅದರ ಲಿಖಿತ ಕುರುಹು ಮಾತ್ರವಿರಬಹುದು.

ಆದ್ದರಿಂದ ಮೊಬೈಲ್ ಬರಹವನ್ನು ಆಕರವಾಗಿ ಬಳಸುವ ಪ್ರಬಂಧಗಳಿಗೆ ನಾವು ನಾಲ್ಕು ಸಲಹೆಗಳನ್ನು ಮುಂದಿಡುತ್ತೇವೆ. ಪ್ರತಿ ಪಠ್ಯದೊಡನೆ ಬರೆದವರ ಕೀಲಿಮಣೆ, ಲಿಪಿಮಾರ್ಗ, ಸ್ವಯಂತಿದ್ದುಪಡಿಯ ಸ್ಥಿತಿ ಇವುಗಳನ್ನು ವಯಸ್ಸು, ಊರುಗಳಂತೆಯೇ ದಾಖಲಿಸಬೇಕು. ಅನುಸ್ವಾರ-ಸೊನ್ನೆ ಮತ್ತು ಅಗೋಚರ ಗುರುತುಗಳನ್ನು ಏಕರೂಪಗೊಳಿಸಿಯೇ ಎಣಿಕೆಗೆ ತೊಡಗಬೇಕು, ಮೂಲಪಠ್ಯವನ್ನು ಬದಲಿಸದೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಪದದ ಉದ್ದವನ್ನು ಹೇಳುವಾಗ ಅಕ್ಷರವನ್ನೋ ಗುಚ್ಛವನ್ನೋ ಸಂಕೇತಬಿಂದುವನ್ನೋ ಎಣಿಸಿದ್ದೇವೆಂದು ಸ್ಪಷ್ಟಪಡಿಸಬೇಕು. ಮತ್ತು ಅದೇ ವ್ಯಕ್ತಿಯ ಮಾತಿನ ಮುದ್ರಣವೊಂದನ್ನಾದರೂ ಬರಹದೊಡನೆ ಹೋಲಿಸದೆ ಒಂದು ರೂಪ ಕಾಣದಿರುವುದನ್ನು ಅದರ ಅಭಾವವೆಂದು ತಿಳಿಯಬಾರದು.

ಕೊನೆಯದಾಗಿ ಮಾನಕಗಳ ಬಗ್ಗೆ ಒಂದು ಮಾತು. ಭಾರತೀಯ ಮಾನಕ ಬ್ಯೂರೋ ಹೊರತಂದ ಐ.ಎಸ್. 16333ರ ಮೂರನೆಯ ಭಾಗವು ಫೋನುಗಳು 22 ಅನುಸೂಚಿತ ಭಾಷೆಗಳನ್ನೂ ಓದಲು ಬರುವಂತೆ ತೋರಿಸಬೇಕೆಂದೂ, ಇಂಗ್ಲಿಷ್, ಹಿಂದಿ ಮತ್ತು ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಅವಕಾಶವಿರಬೇಕೆಂದೂ ವಿಧಿಸುತ್ತದೆ. ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದ ದಿನಗಳನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ; ಆಂಡ್ರಾಯ್ಡ್ ತನ್ನ ಮೂಲವ್ಯವಸ್ಥೆಯಲ್ಲಿ ಕನ್ನಡವನ್ನು ಸೇರಿಸಿಕೊಂಡುದೇ 2012ರ 4.1ನೆಯ ಆವೃತ್ತಿಯಲ್ಲಿ. ಆದರೆ ಬರೆಯಲು ಅವಕಾಶವಿದೆಯೇ ಎಂಬ ಪ್ರಶ್ನೆಗೂ ಎಷ್ಟು ಸರಿಯಾಗಿ, ಯಾರ ಕನ್ನಡವನ್ನು ಬರೆಯಬಹುದು ಎಂಬ ಪ್ರಶ್ನೆಗೂ ಬಹಳ ಅಂತರವಿದೆ. ಎರಡನೆಯ ಪ್ರಶ್ನೆಯನ್ನು ಕೇಳಬೇಕಾದವರು ಭಾಷಾವಿಜ್ಞಾನಿಗಳು. ಅದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ‘ಲಕ್ಷ್ಮೇಶ್ವರ’ ನಾಲ್ಕು ಘಟಕಗಳಾಗಿ ನಿಲ್ಲುತ್ತದೆಯೇ, ‘ತೋಂಟದಾರ್ಯ’ ಮತ್ತು ‘ರ‍್ಯಾಲಿ’ ಎರಡನ್ನೂ ಒತ್ತಲು ಬರುತ್ತದೆಯೇ, ‘ಮುಂಡರಗಿ’ ಹೇಗೆ ಬರೆದಿದ್ದರೂ ಸಿಗುತ್ತದೆಯೇ, ‘ಬ್ಯಾಡ’ ಬರೆದವರ ‘ಬ್ಯಾಡ’ ಹಾಗೆಯೇ ಉಳಿಯುತ್ತದೆಯೇ ಎಂದು ನೋಡಿದರೆ ಸಾಕು. ಪುಲಿಗೆರೆಯ ಕನ್ನಡವನ್ನು ಪ್ರಮಾಣವೆಂದು ಓದಿ ಪಾಠ ಹೇಳುವ ನಾವು, ಇಂದು ಅದೇ ಊರಿನವರು ಬರೆಯುವ ಕನ್ನಡ ಅವರ ಕೈಯಲ್ಲಿರುವ ಫೋನಿನಲ್ಲಿ ತಪ್ಪೆನಿಸಿಕೊಳ್ಳುವುದನ್ನು ತಂತ್ರಜ್ಞರ ವಿಷಯವೆಂದು ಬಿಟ್ಟುಕೊಡುವಂತಿಲ್ಲ.